ಕ್ರಿಸ್‌ಮಸ್ ಮರಕ್ಕೆ ಎಲೆ, ಕಾಯಿ, ಬೀಜ, ಹುಲ್ಲಿನ ಅಲಂಕಾರ: ಮಾಡುವುದು ಹೇಗೆ, ಉಳಿಸುವುದು ಹೇಗೆ?

ಎಳೆಬಿಸಿಲು:

ಈ ವರ್ಷ ಮನೆಯ ಕ್ರಿಸ್‌ಮಸ್ ಮರವನ್ನು ಕೈಯಾರೆ ಮಾಡಿದ ಅಲಂಕಾರಗಳಿಂದಲೇ ಸಿಂಗರಿಸಬೇಕೆಂದು ನಾನೂ ಮಕ್ಕಳೂ ನಿರ್ಧರಿಸಿದ್ದೇವೆ. ಪ್ಲಾಸ್ಟಿಕ್ ಚೆಂಡು, ಮಿನುಗುವ ಹಾಳೆಯ ಸರ ಯಾವುದೂ ಬೇಡ. ಉದುರಿದ ಎಲೆ, ಒಣ ಕಾಯಿ, ಬೀಜ, ಹುಲ್ಲು, ಚಕ್ಕೆ, ಕಿತ್ತಳೆಯ ಬಿಲ್ಲೆ, ಇಷ್ಟರಲ್ಲೇ ಮರ ತುಂಬಬೇಕು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದ ಮೊದಲ ಭಾನುವಾರದಿಂದ ಶುರುಮಾಡಿದರೆ ಹಬ್ಬದ ಹೊತ್ತಿಗೆ ಮುಗಿಯಬಹುದು ಎಂದುಕೊಂಡಿದ್ದೇನೆ.

ಪೈನ್ ಕಾಯಿಗಳು ಚೀಲ ತುಂಬ ಸಿಕ್ಕಿವೆ. ಉಳಿದದ್ದನ್ನು ಹುಡುಕುತ್ತಿದ್ದೇವೆ. ಹೊರಗಿನಿಂದ ತಂದ ಕಾಯಿಗಳೊಳಗೆ ಹುಳು ಇದ್ದರೆ ಏನು ಮಾಡಬೇಕು? ಕಿತ್ತಳೆ ಬಿಲ್ಲೆಗೆ ಬೂಷ್ಟು ಹಿಡಿಯದಂತೆ ಒಣಗಿಸುವುದು ಹೇಗೆ? ಮಕ್ಕಳು ಚಿಕ್ಕವರು, ಜೊತೆಗೆ ಒಂದು ನಾಯಿಯೂ ಇದೆ. ಯಾವುದನ್ನು ದೂರ ಇಡಬೇಕು? ಅನುಭವ ಇರುವವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಕಾಡುಹಾದಿ:

ಎಳೆಬಿಸಿಲು ಅವರೇ, ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಪೈನ್ ಕಾಯಿಗಳಿಂದಲೇ ಆರಂಭಿಸಿ, ಏಕೆಂದರೆ ಅವಕ್ಕೆ ಸಿದ್ಧತೆ ಹೆಚ್ಚು ಬೇಕು, ಅಲಂಕಾರ ಕಡಿಮೆ ಸಾಕು.

ಮೊದಲು ಒಣ ಬ್ರಷ್‌ನಿಂದ ಮಣ್ಣು, ಕಸ ತೆಗೆಯಿರಿ. ಓವನ್ ತಟ್ಟೆಗೆ ಅಲ್ಯುಮಿನಿಯಂ ಹಾಳೆ ಹಾಸಿ, ಕಾಯಿಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಸುಮಾರು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧದಿಂದ ಒಂದು ಗಂಟೆ ಇಡಿ. ಹುಳು, ಮೊಟ್ಟೆ ಎಲ್ಲ ನಾಶವಾಗುತ್ತವೆ. ಮೇಲಿನ ರಾಳ ಕರಗಿ ತೆಳ್ಳಗೆ ಹರಡಿ, ತಣ್ಣಗಾದ ಮೇಲೆ ತಾನೇ ಒಂದು ಹೊಳಪು ಕೊಡುತ್ತದೆ. ಹಾಳೆ ಹಾಸುವುದು ಈ ರಾಳ ತಟ್ಟೆಗೆ ಅಂಟದಿರಲಿ ಎಂದು. ರಾಳ ಬೇಗ ಹೊತ್ತಿಕೊಳ್ಳುವ ವಸ್ತು, ಆದ್ದರಿಂದ ಅಷ್ಟು ಹೊತ್ತೂ ಓವನ್ ಬಳಿಯಲ್ಲೇ ಇರಿ. ಓವನ್ ಇಲ್ಲದವರು ಗಾಳಿಯಾಡದ ಚೀಲದಲ್ಲಿ ಕಟ್ಟಿ ಒಂದೆರಡು ವಾರ ಫ್ರೀಜರ್‌ನಲ್ಲಿ ಇಡಬಹುದು. ಬಿಸಿ ತಾಳದ ಎಲೆ, ಹೂವಿನ ತಲೆಗಳಿಗೂ ಇದೇ ದಾರಿ.

ಇನ್ನೊಂದು ಸಂಗತಿಯನ್ನು ಮಕ್ಕಳಿಗೆ ತೋರಿಸಲೇಬೇಕು. ಪೂರ್ತಿ ಅರಳಿದ ಒಂದು ಕಾಯಿಯನ್ನು ನೀರಿನಲ್ಲಿ ಮುಳುಗಿಸಿಡಿ. ಕೆಲವೇ ಗಂಟೆಗಳಲ್ಲಿ ಅದು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಒಣಗಿಸಿದರೆ ಮತ್ತೆ ಅರಳುತ್ತದೆ. ಅದರ ಪ್ರತಿಯೊಂದು ಹಲ್ಲೆಯಲ್ಲೂ, ಅಂದರೆ ಕಾಯಿಯ ಗಟ್ಟಿ ಎಸಳಿನಲ್ಲೂ, ಎರಡು ಪದರ ಇರುತ್ತವೆ. ಹೊರಪದರ ನೀರು ಹೀರಿದಾಗ ಒಳಪದರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಹಲ್ಲೆ ಒಳಕ್ಕೆ ಬಾಗುತ್ತದೆ. ಒಣ ದಿನಗಳಲ್ಲಿ ಮಾತ್ರ ರೆಕ್ಕೆಯ ಬೀಜಗಳು ಗಾಳಿಗೆ ಹಾರಲಿ ಎಂದು ಮರ ಮಾಡಿಕೊಂಡ ಏರ್ಪಾಡು ಇದು. ಈ ಜೀವಕೋಶಗಳು ಸತ್ತವೇ ಆದ್ದರಿಂದ, ಮರದಿಂದ ಬಿದ್ದು ವರ್ಷಗಳಾದ ಕಾಯಿಯಲ್ಲೂ ಈ ಚಲನೆ ನಿಲ್ಲುವುದಿಲ್ಲ. ತೇವದ ಹವೆಯಲ್ಲಿ ನಿಮ್ಮ ಅಲಂಕಾರಗಳು ಅರ್ಧ ಮುಚ್ಚಿಕೊಂಡರೆ ಕೆಟ್ಟವು ಎಂದು ಎಸೆಯಬೇಡಿ.

ತೂಗುಹಾಕಲು ಅಂಟು ನೆಚ್ಚಬೇಡಿ. ಕಾಯಿಯ ಬುಡದ ಹಲ್ಲೆಗಳ ಸಂದಿಯಲ್ಲಿ ತೆಳು ತಂತಿಯನ್ನು ಒಂದು ಸುತ್ತು ಹಾಕಿ ತಿರುಚಿ, ಆ ತಂತಿಗೆ ಹತ್ತಿಯ ದಾರ ಕಟ್ಟಿ.

ಮಣ್ಣುಕೈ:

ಕಿತ್ತಳೆಯ ವಿಷಯ ನಾನು ಹೇಳುತ್ತೇನೆ. ಎಲ್ಲ ಬಿಲ್ಲೆಗಳೂ ಒಂದೇ ದಪ್ಪ ಇರುವುದು ಇದರಲ್ಲಿ ಮುಖ್ಯ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಅಡ್ಡಲಾಗಿ ಕೊಯ್ದು, ಬೀಜ ತೆಗೆದು, ಹತ್ತಿ ಬಟ್ಟೆಯ ನಡುವೆ ಇಟ್ಟು ಒತ್ತಿ ರಸ ಹೀರಿಸಿ. ಬಳಿಕ ಸುಮಾರು 100 ಡಿಗ್ರಿಯಲ್ಲಿ ಮೂರರಿಂದ ನಾಲ್ಕು ಗಂಟೆ ಓವನ್‌ನಲ್ಲಿಟ್ಟು, ನಡುವೆ ಆಗಾಗ ಮಗುಚಿ ಹಾಕಿ. ಬಾಗಿಲನ್ನು ಒಮ್ಮೊಮ್ಮೆ ತೆರೆದು ಆವಿ ಹೊರಬಿಡಿ. ಅವಸರಕ್ಕೆ ಬಿಸಿ ಹೆಚ್ಚಿಸಿದರೆ ಅಂಚು ಕಂದುತ್ತದೆ, ನಡುವೆ ಹಸಿ ಉಳಿಯುತ್ತದೆ. ಆ ಹಸಿಯಲ್ಲೇ ಬೂಷ್ಟು ಹುಟ್ಟುವುದು. ಬೆಳಕಿಗೆ ಹಿಡಿದಾಗ ತೊಳೆಗಳ ಗೆರೆಗಳು ಬಣ್ಣದ ಗಾಜಿನ ಕಿಟಕಿಯಂತೆ ಕಂಡರೆ ಹದ ಬಂದಿದೆ ಎಂದು ತಿಳಿಯಿರಿ. ಇವುಗಳನ್ನು ದೀಪದ ಸರದ ಮುಂದೆಯೇ ತೂಗುಹಾಕಬೇಕು, ಹಿಂದಿನಿಂದ ಬೆಳಕು ಬಿದ್ದರೇ ಅವಕ್ಕೆ ಕಳೆ.

ಎಷ್ಟು ಒಣಗಿಸಿದರೂ ಹಣ್ಣಿನ ಸಕ್ಕರೆ ಒಳಗೇ ಉಳಿದಿರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬಿಲ್ಲೆ ಜಿಗುಟಾದರೆ ಮತ್ತೆ ಸಣ್ಣ ಬಿಸಿಯಲ್ಲಿ ಅರ್ಧ ಗಂಟೆ ಇಟ್ಟರೆ ಸರಿಹೋಗುತ್ತದೆ. ಸೇಬಿನ ಬಿಲ್ಲೆಯನ್ನೂ ಹೀಗೆಯೇ ಮಾಡಬಹುದು. ಕೊಯ್ದ ಕೂಡಲೇ ನಿಂಬೆರಸ ಬೆರೆಸಿದ ನೀರಿನಲ್ಲಿ ಅದ್ದಿದರೆ ಕಪ್ಪಾಗುವುದಿಲ್ಲ.

ಎಲೆಯ ಅಚ್ಚು ಒತ್ತಲು ಹಿಟ್ಟಿನ ಬಿಲ್ಲೆ ಬಹಳ ಚೆನ್ನ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಉಪ್ಪು, ಒಂದು ಬಟ್ಟಲಿನಷ್ಟು ನೀರು ಸೇರಿಸಿ ಗಟ್ಟಿಯಾಗಿ ನಾದಿ, ಲಟ್ಟಿಸಿ, ನರ ಎದ್ದು ಕಾಣುವ ಎಲೆಯ ಹಿಂಬದಿಯನ್ನು ಒತ್ತಿ ತೆಗೆಯಿರಿ. ದಾರಕ್ಕೆ ತೂತು ಹಸಿಯಿರುವಾಗಲೇ ಮಾಡಬೇಕು. 100 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿದರೆ ಕಲ್ಲಿನಂತಾಗುತ್ತದೆ.

ಆದರೆ ನಿಮ್ಮ ಮನೆಯಲ್ಲಿ ನಾಯಿ ಇದೆ ಎಂದಿರಿ. ಈ ಹಿಟ್ಟಿನಲ್ಲಿರುವ ಉಪ್ಪಿನ ಪ್ರಮಾಣ ನಾಯಿಗೆ ವಿಷ. ಒಂದೆರಡು ಬಿಲ್ಲೆ ನುಂಗಿದರೂ ವಾಂತಿ, ನಡುಕ, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಹಸಿ ಹಿಟ್ಟೂ ಅಷ್ಟೇ ಅಪಾಯ. ನಾಯಿ ಇರುವ ಮನೆಯಲ್ಲಿ ಇದನ್ನು ಮಾಡಲೇಬೇಡಿ ಎಂಬುದು ನನ್ನ ಸಲಹೆ. ತಿಂದದ್ದು ಕಂಡರೆ ಲಕ್ಷಣಗಳಿಗೆ ಕಾಯದೆ ಪಶುವೈದ್ಯರ ಬಳಿಗೆ ಓಡಿ.

ಎಳೆಬಿಸಿಲು:

ನಾಯಿಯ ವಿಷಯ ತಿಳಿಸಿದ್ದಕ್ಕೆ ತುಂಬ ಧನ್ಯವಾದ ಮಣ್ಣುಕೈ ಅವರೇ, ಹಿಟ್ಟಿನ ಯೋಚನೆ ಕೈಬಿಟ್ಟೆ. ಇನ್ನೊಂದು ಪ್ರಶ್ನೆ: ಕಾಯಿಗಳಿಗೆ ಚಿನ್ನದ ಬಣ್ಣ ಸ್ಪ್ರೇ ಮಾಡಿ, ಅಂಚಿಗೆ ಮಿನುಗುಪುಡಿ ಉದುರಿಸಬೇಕೆಂದು ಮಗಳ ಆಸೆ. ಮಾಡಬಹುದೇ? ಮೇಲೆ ವಾರ್ನಿಶ್ ಹಚ್ಚಿದರೆ ವರ್ಷಗಟ್ಟಲೆ ಉಳಿಯುತ್ತದೆಯೇ?

ಸೂಜಿದಾರ:

ಮಗಳ ಆಸೆಗೆ ಬೇರೆ ದಾರಿ ಹುಡುಕೋಣ, ಮಿನುಗುಪುಡಿ ಮಾತ್ರ ಬೇಡ ಅಕ್ಕ. ಸಾಮಾನ್ಯ ಮಿನುಗುಪುಡಿ ಎಂದರೆ ಲೋಹದ ಲೇಪ ಕೊಟ್ಟ ಪ್ಲಾಸ್ಟಿಕ್ ಚೂರು. ಗುಡಿಸಿದರೂ ಹೋಗುವುದಿಲ್ಲ, ತೊಳೆದರೆ ಚರಂಡಿ ಸೇರಿ ನೀರಿಗೆ ಹರಿಯುತ್ತದೆ. ಐರೋಪ್ಯ ಒಕ್ಕೂಟ ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟಕ್ಕೆ 2023ರ ಅಕ್ಟೋಬರ್ 17ರಿಂದ ನಿರ್ಬಂಧ ಹಾಕಿರುವುದು ಇದಕ್ಕಾಗಿಯೇ. ಒಮ್ಮೆ ಸ್ಪ್ರೇ ಬಣ್ಣ ಬಳಿದ ಕಾಯಿಯನ್ನು ಆಮೇಲೆ ಗೊಬ್ಬರದ ಗುಂಡಿಗೂ ಹಾಕುವಂತಿಲ್ಲ.

ನನ್ನ ಅಭಿಪ್ರಾಯ ಇನ್ನೂ ಸ್ವಲ್ಪ ಕಟುವಾದದ್ದು. ಪೈನ್ ಕಾಯಿಯ ಕಂದು ಬಣ್ಣದಲ್ಲಿ ಎಷ್ಟು ಛಾಯೆಗಳಿವೆ ಎಂದು ಹತ್ತಿರದಿಂದ ನೋಡಿ. ಹಲ್ಲೆಯ ತುದಿಯಲ್ಲಿ ಬೂದಿ, ಬುಡದಲ್ಲಿ ಕೆಂಪು, ನಡುವೆ ಜೇನಿನ ಬಣ್ಣ. ಅದರ ಮೇಲೆ ಚಿನ್ನ ಬಳಿದರೆ ಅದೂ ಅಂಗಡಿಯ ಚೆಂಡೂ ಒಂದೇ ಆಗಿಬಿಡುತ್ತದೆ. ನಿಸರ್ಗದ ವಸ್ತುವನ್ನು ಆರಿಸಿಕೊಂಡ ಮೇಲೆ ಅದರ ರೂಪ ಅದಕ್ಕೇ ಇರಲಿ.

ಮರದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಈಗ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್‌ ನಗರದಲ್ಲಿ 1605ರ ಹೊತ್ತಿಗೆ ಜನ ಮನೆಯೊಳಗೆ ಫರ್ ಮರ ನಿಲ್ಲಿಸಿ, ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಸ್ಕತ್ತು, ಸಿಹಿತಿಂಡಿ ತೂಗುಹಾಕುತ್ತಿದ್ದರೆಂದು ಆಗಿನ ಬರಹವೊಂದರಲ್ಲಿದೆ. ಜರ್ಮನಿಯ ಲೌಶಾ ಎಂಬ ಊರಿನ ಗಾಜಿನ ಕುಲುಮೆಗಳಲ್ಲಿ ಮರದ ಚೆಂಡುಗಳು ತಯಾರಾಗತೊಡಗಿದ್ದು 19ನೇ ಶತಮಾನದಲ್ಲಿ. ಅಂದರೆ ಕೈಗೆ ಸಿಕ್ಕ ಹಣ್ಣು, ಕಾಗದ, ಹುಲ್ಲಿನ ಅಲಂಕಾರವೇ ಹಳೆಯದು, ಚೆಂಡು ಈಚಿನದು.

ಹುಲ್ಲಿನ ನಕ್ಷತ್ರ ಮಾಡಿ ನೋಡಿ. ಜರ್ಮನಿ, ಸ್ಕ್ಯಾಂಡಿನೇವಿಯಾಗಳಲ್ಲಿ ಇಂದಿಗೂ ಮಾಡುತ್ತಾರೆ. ಗಂಟಿಲ್ಲದ ಗೋಧಿ ಹುಲ್ಲಿನ ಕಡ್ಡಿಗಳನ್ನು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಮುರಿಯದೆ ಬಾಗುತ್ತವೆ. ಬೇಕಿದ್ದರೆ ಉದ್ದಕ್ಕೆ ಸೀಳಿ ಇಸ್ತ್ರಿಯಿಂದ ಚಪ್ಪಟೆ ಮಾಡಿ. ಇಸ್ತ್ರಿಯ ಬಿಸಿ ಹೆಚ್ಚಿದಷ್ಟೂ ಬಂಗಾರದ ಬಣ್ಣ ಕಂದಿನತ್ತ ತಿರುಗುತ್ತದೆ. ಎರಡೆರಡನ್ನು ಅಡ್ಡ ಇಟ್ಟು, ನಾಲ್ಕು ಕಡ್ಡಿಗಳನ್ನು ನಡುವಿನಲ್ಲಿ ಬೆರಳಿನಿಂದ ಒತ್ತಿ ಹಿಡಿದು, ಕೆಂಪು ದಾರವನ್ನು ಒಂದರ ಮೇಲೆ, ಮುಂದಿನದರ ಕೆಳಗೆ ಹೀಗೆ ಸುತ್ತಿ ಬಿಗಿದರೆ ಎಂಟು ಮೂಲೆಯ ನಕ್ಷತ್ರ. ತುದಿಗಳನ್ನು ಓರೆಯಾಗಿ ಕತ್ತರಿಸಿ. ಮಗಳು ಚಿನ್ನ ಕೇಳಿದ್ದಾಳಲ್ಲ, ಸೀಳಿದ ಹುಲ್ಲಿನ ಹೊರಮೈ ದೀಪದ ಬೆಳಕಿಗೆ ನಿಜವಾಗಿಯೂ ಚಿನ್ನದಂತೆ ಹೊಳೆಯುತ್ತದೆ.

ಕೈ ಪಳಗಿದ ಮೇಲೆ ಫಿನ್ಲೆಂಡಿನ ಹಿಮ್ಮೆಲಿ ಮಾಡಬಹುದು. ಸಮನಾದ ಹನ್ನೆರಡು ಹುಲ್ಲಿನ ತುಂಡುಗಳ ಒಳಗೆ ದಾರ ಪೋಣಿಸಿ ಕಟ್ಟಿದರೆ ಎಂಟು ಮುಖದ ಒಂದು ಗೂಡು ಆಗುತ್ತದೆ. ದೊಡ್ಡದರೊಳಗೆ ಚಿಕ್ಕದನ್ನು ತೂಗುಬಿಟ್ಟರೆ ಬಾಗಿಲು ತೆರೆದ ಗಾಳಿಗೂ ತಿರುಗುತ್ತದೆ.

ನೀಲಿಹೂವು:

ಸೂಜಿದಾರ ಅವರ ಮಾತಿಗೆ ನನ್ನ ಸ್ವಲ್ಪ ತಕರಾರು ಇದೆ. ಎಲ್ಲವೂ ಕಂದು, ಎಲ್ಲವೂ ಒಣ ಎಂದಾದರೆ ರಾತ್ರಿ ಹೊತ್ತು ಮರ ಮಂಕಾಗಿ ಕಾಣುತ್ತದೆ. ಕ್ರಿಸ್‌ಮಸ್ ಬೆಳಕಿನ ಹಬ್ಬ. ದೀಪದ ಬೆಳಕು ಬಿದ್ದು ಮರಳಬೇಕಾದರೆ ಹೊಳೆಯುವ ಮೈ ಬೇಕು. ಮಗುವಿನ ಆಸೆ ತಪ್ಪಲ್ಲ. ಹೊಳಪನ್ನೂ ನಿಸರ್ಗದಿಂದಲೇ ಪಡೆಯಬಹುದು ಎಂಬುದು ನನ್ನ ವಾದ.

ಪಟಿಕವನ್ನು ಪುಡಿಮಾಡಿ, ಕುದಿಯುವ ನೀರಿಗೆ ಕರಗುವಷ್ಟೂ ಹಾಕುತ್ತ ಹೋಗಿ. ಇನ್ನು ಕರಗುವುದಿಲ್ಲ ಎಂದಾಗ ಅಗಲ ಬಾಯಿಯ ಗಾಜಿನ ಪಾತ್ರೆಗೆ ಸೋಸಿಕೊಳ್ಳಿ. ಕವಲೊಡೆದ ಒಣ ಕಡ್ಡಿಯನ್ನೋ ಪುಟ್ಟ ಕಾಯಿಯನ್ನೋ ದಾರ ಕಟ್ಟಿ ತಳ ಮುಟ್ಟದಂತೆ ಅದರಲ್ಲಿ ಇಳಿಬಿಟ್ಟು, ಅಲುಗಾಡಿಸದೆ ರಾತ್ರಿಯಿಡೀ ಬಿಡಿ. ಬಿಸಿ ನೀರು ಹಿಡಿದಿಟ್ಟುಕೊಳ್ಳುವಷ್ಟು ಪಟಿಕವನ್ನು ತಣ್ಣೀರು ಹಿಡಿದಿಟ್ಟುಕೊಳ್ಳಲಾರದು. ಹೆಚ್ಚಾದದ್ದು ಹರಳಾಗಿ ಕಡ್ಡಿಯ ಮೇಲೆ ಕೂರುತ್ತದೆ. ಬೆಳಿಗ್ಗೆ ಹೊರತೆಗೆದರೆ ಹಿಮ ಮೆತ್ತಿದ ಕೊಂಬೆ ಸಿಗುತ್ತದೆ. ಎಂಟು ಮುಖದ ಆ ಹರಳುಗಳ ಮುಂದೆ ಯಾವ ಮಿನುಗುಪುಡಿಯೂ ನಿಲ್ಲದು. ನಿಧಾನವಾಗಿ ತಣಿದಷ್ಟೂ ಹರಳು ದೊಡ್ಡದಾಗುವುದರಿಂದ ಪಾತ್ರೆಗೆ ಬಟ್ಟೆ ಸುತ್ತಿಡಿ. ಕುದಿನೀರಿನ ಕೆಲಸ ದೊಡ್ಡವರೇ ಮಾಡಬೇಕು. ಹರಳನ್ನು ಕಲ್ಲುಸಕ್ಕರೆ ಎಂದು ಮಗು ಬಾಯಿಗೆ ಹಾಕದಂತೆ ಇದನ್ನು ಮೇಲಿನ ಕೊಂಬೆಗೆ ಕಟ್ಟಿ.

ಅಚ್ಚಿನ ಬಿಲ್ಲೆಗೂ ಬಿಳುಪಾದ ಬದಲಿ ಇದೆ. ಎರಡು ಬಟ್ಟಲು ಅಡುಗೆ ಸೋಡಾ, ಒಂದು ಬಟ್ಟಲು ಕಾರ್ನ್‌ಫ್ಲೋರ್, ಒಂದೂಕಾಲು ಬಟ್ಟಲು ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ, ಮುದ್ದೆಯಾಗಿ ತಳ ಬಿಡುವವರೆಗೆ ಕಾಯಿಸಿ. ಒದ್ದೆ ಬಟ್ಟೆ ಮುಚ್ಚಿ ಆರಿಸಿ, ಲಟ್ಟಿಸಿ, ಎಲೆ ಒತ್ತಿ. ನೆರಳಿನಲ್ಲಿ ಒಂದೆರಡು ದಿನ ಒಣಗಿದರೆ ಸಾಕು. ಉಪ್ಪಿನ ಬಿಲ್ಲೆ ತೇವದ ಹವೆಯಲ್ಲಿ ಬೆವರುತ್ತದೆ, ಇದು ಅಷ್ಟು ಬೇಗ ಮೆತ್ತಗಾಗುವುದಿಲ್ಲ. ಅಡುಗೆ ಸೋಡಾ ಹೆಚ್ಚಾಗಿ ಹೊಟ್ಟೆಗೆ ಹೋದರೆ ನಾಯಿಗೂ ಕೆಡುಕೇ, ಆದ್ದರಿಂದ ಇದೂ ಅದರ ಬಾಯಿಗೆ ಎಟುಕದ ಎತ್ತರದಲ್ಲೇ ಇರಲಿ.

ಸೂಜಿದಾರ:

ಪಟಿಕದ ಹರಳಿಗೆ ನನ್ನ ಪೂರ್ಣ ಒಪ್ಪಿಗೆ ಇದೆ ನೀಲಿಹೂವು ಅವರೇ. ಹೊಳಪಿನ ಮೇಲೆ ನನಗೆ ಸಿಟ್ಟಿಲ್ಲ, ಪ್ಲಾಸ್ಟಿಕ್ ಮೇಲೆ ಮಾತ್ರ.

ಕಾಡುಹಾದಿ:

ಮಕ್ಕಳಿರುವ ಮನೆ ಎಂದಾಗಲೇ ಬರೆಯಬೇಕಿತ್ತು, ಈಗ ಬರೆಯುತ್ತೇನೆ. ಅಂದ ನೋಡಿ ಎಲ್ಲ ಬೀಜಗಳನ್ನೂ ಆರಿಸಿಕೊಳ್ಳುವಂತಿಲ್ಲ.

ಗುಲಗಂಜಿ ಕೆಂಪು, ಕಪ್ಪು ಬಣ್ಣದಿಂದ ಕಣ್ಣು ಸೆಳೆಯುತ್ತದೆ. ಕ್ರಿಸ್‌ಮಸ್ ಬಣ್ಣಕ್ಕೂ ಹೊಂದುತ್ತದೆ, ಅದಕ್ಕೇ ಅಪಾಯ. ಅದರೊಳಗೆ ಆಬ್ರಿನ್ ಎಂಬ ಕಠಿಣ ವಿಷವಿದೆ. ಗಟ್ಟಿ ಸಿಪ್ಪೆ ಇಡಿಯಾಗಿರುವವರೆಗೆ ವಿಷ ಒಳಗೇ ಉಳಿಯಬಹುದು, ಆದರೆ ಸರ ಪೋಣಿಸಲು ಸೂಜಿಯಿಂದ ಚುಚ್ಚಿದ ಮರುಕ್ಷಣವೇ ಆ ರಕ್ಷಣೆ ಹೋಯಿತು. ಹರಳು (ಔಡಲ) ಗಿಡದ ಬೀಜದಲ್ಲಿ ರಿಸಿನ್ ಎಂಬ ವಿಷ ಇದೆ. ಕಣಗಿಲೆಯ ಎಲೆ, ಹೂ, ಕಾಯಿ ಎಲ್ಲವೂ ಹೃದಯಕ್ಕೆ ಕೆಡುಕು; ಹಳದಿ ಕಣಗಿಲೆಯ ಬೀಜವೂ ಹಾಗೆಯೇ. ಕ್ರಿಸ್‌ಮಸ್ ಜೊತೆಗೇ ಹೆಸರು ಕೇಳಿಬರುವ ಹಾಲಿ, ಮಿಸಲ್‌ಟೋ ಎಂಬ ಗಿಡಗಳ ಹಣ್ಣುಗಳನ್ನೂ ಮಕ್ಕಳ ಕೈಗೆ ಕೊಡಬಾರದು. ಯೂ ಮರದ ಕೊಂಬೆಯನ್ನಂತೂ ಮನೆಯೊಳಗೆ ತರಬೇಡಿ. ಯಾವ ಗಿಡದ್ದು ಎಂದು ಖಚಿತವಾಗಿ ಗೊತ್ತಿಲ್ಲದ ಬೀಜ ಮರದ ಬುಡದಲ್ಲೇ ಇರಲಿ. ಕೆಂಪು ಬೇಕಿದ್ದರೆ ಗುಲಾಬಿಯ ಕಾಯಿ, ಒಣ ಮೆಣಸಿನಕಾಯಿ ಇವೆ. ಮೆಣಸಿನಕಾಯಿ ಮುಟ್ಟಿದ ಕೈಯನ್ನು ಮಕ್ಕಳು ಕಣ್ಣಿಗೆ ಉಜ್ಜದಂತೆ ನೋಡಿಕೊಳ್ಳಿ.

ಆರಿಸುವಾಗಲೂ ಒಂದು ಮಿತಿ ಇರಲಿ. ಬಿದ್ದದ್ದನ್ನು ಮಾತ್ರ ತನ್ನಿ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ಬಿಡಿ. ಅಳಿಲು, ಹಕ್ಕಿಗಳಿಗೆ ಆ ಬೀಜ ಆಹಾರ. ಕಲ್ಲಿನ ಮೇಲಿನ ಹಾವಸೆಯನ್ನು ಗೋದಲಿಗೆಂದು ಕೆರೆದು ತರುವುದು ನನಗೆ ಸಂಕಟದ ವಿಷಯ. ಅಂಗೈಯಗಲ ಬೆಳೆಯಲು ಅದಕ್ಕೆ ವರ್ಷಗಳೇ ಬೇಕು. ಹಕ್ಕಿಗೂಡು ಖಾಲಿ ಕಂಡರೂ ತೆಗೆಯಬೇಡಿ, ಕೆಲವು ಹಕ್ಕಿಗಳು ಅದೇ ಗೂಡಿಗೆ ಮರಳುತ್ತವೆ. ಕಾಡುಹಕ್ಕಿಯ ಗರಿ ಇಟ್ಟುಕೊಳ್ಳುವುದೇ ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಸಂರಕ್ಷಿತ ಅರಣ್ಯದಿಂದ ಎಲೆಯನ್ನೂ ತರುವಂತಿಲ್ಲ.

ಎಲೆನರ:

ಇಷ್ಟು ಹೊತ್ತೂ ಎಲೆಯನ್ನು ಅಚ್ಚಿಗೆ ಮಾತ್ರ ಬಳಸಿದಿರಿ, ನನಗೆ ಸಹಿಸಲಾಗಲಿಲ್ಲ! ಎಲೆಯೇ ಅಲಂಕಾರ.

ದಪ್ಪ, ಗಟ್ಟಿ ಎಲೆ ಆರಿಸಿಕೊಳ್ಳಿ: ಅರಳಿ, ಮ್ಯಾಗ್ನೋಲಿಯಾ, ರಬ್ಬರ್ ಗಿಡ. ನೀರಿನಲ್ಲಿ ಮುಳುಗಿಸಿ, ಆಗಾಗ ನೀರು ಬದಲಿಸುತ್ತ ಕೆಲವು ವಾರ ಬಿಡಿ. ಹಸಿರು ಭಾಗ ಕೊಳೆತು ಮೆತ್ತಗಾಗುತ್ತದೆ, ನರಗಳು ಗಟ್ಟಿಯಾಗಿ ಉಳಿಯುತ್ತವೆ. ಎಲೆಯನ್ನು ತಟ್ಟೆಯಲ್ಲಿ ಹರಡಿ, ನೀರು ಹನಿಸುತ್ತ ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ನಡುನರದಿಂದ ಅಂಚಿನತ್ತ ಮೆಲ್ಲಗೆ ತಟ್ಟುತ್ತ ಹೋದರೆ ಹಸಿರೆಲ್ಲ ಕಳಚಿ ಬಲೆಯಂಥ ಎಲೆ ಕೈಗೆ ಬರುತ್ತದೆ. ಅಷ್ಟು ದಿನ ಕಾಯಲಾಗದವರು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಒಂದೆರಡು ಗಂಟೆ ಸಣ್ಣಗೆ ಕುದಿಸಬಹುದು. ಆಗ ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಅಡುಗೆಯ ಪಾತ್ರೆ ಬಳಸಬೇಡಿ. ಬಲೆ ಎಲೆಯನ್ನು ಹೀರುಕಾಗದದ ನಡುವೆ ಒತ್ತಿ ಒಣಗಿಸಿ, ಎರಡು ಮೂರನ್ನು ತೊಟ್ಟಿನಲ್ಲಿ ಕಟ್ಟಿದರೆ ದೇವದೂತರ ರೆಕ್ಕೆ. ತಲೆಗೆ ಒಂದು ಓಕ್ ಕಾಯಿ, ಮೈಗೆ ತುದಿ ಚೂಪಾದ ಪೈನ್ ಕಾಯಿ ಸಾಕು.

ಬಣ್ಣದ ಎಲೆ ಪುಡಿಪುಡಿಯಾಗದೆ ಉಳಿಯಬೇಕಾದರೆ ಗ್ಲಿಸರಿನ್. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ನೀರು ಬೆರೆಸಿ ಎಲೆಗಳನ್ನು ಕೆಲವು ದಿನ ಮುಳುಗಿಸಿಡಿ. ಎಲೆಯೊಳಗಿನ ನೀರಿನ ಜಾಗದಲ್ಲಿ ಗ್ಲಿಸರಿನ್ ಸೇರಿ, ಒಣಗಿದ ಮೇಲೂ ಎಲೆ ಬಟ್ಟೆಯಂತೆ ಮೃದುವಾಗಿರುತ್ತದೆ. ಬಣ್ಣ ತುಸು ಗಾಢವಾಗುವುದನ್ನು ನಿರೀಕ್ಷಿಸಿ.

ಎಳೆಬಿಸಿಲು:

ಓದುತ್ತ ಓದುತ್ತ ಪಟ್ಟಿಯೇ ಬೆಳೆಯಿತು. ವಾರ್ನಿಶ್ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಇವನ್ನೆಲ್ಲ ಮುಂದಿನ ವರ್ಷಕ್ಕೆ ಉಳಿಸಬೇಕೇ, ಹಬ್ಬ ಮುಗಿದ ಮೇಲೆ ಮಣ್ಣಿಗೆ ಸೇರಿಸಬೇಕೇ?

ಮಣ್ಣುಕೈ:

ಮಣ್ಣಿಗೆ. ಜನವರಿ 6, ಮೂರು ರಾಯರ ಹಬ್ಬ ಮುಗಿದ ಮೇಲೆ ಮರ ಬಿಚ್ಚುವಾಗ ಕಿತ್ತಳೆ, ಸೇಬು, ಎಲೆ, ಹುಲ್ಲು ಎಲ್ಲವೂ ಗೊಬ್ಬರದ ಗುಂಡಿಗೆ ಹೋಗಲಿ. ಪ್ರತಿ ವರ್ಷ ಹೊಸದಾಗಿ ಆರಿಸುವುದು, ಕುಳಿತು ಕಟ್ಟುವುದು, ಅದೇ ಹಬ್ಬದ ಸಿದ್ಧತೆ. ಪೆಟ್ಟಿಗೆಯಿಂದ ತೆಗೆದು ತೂಗುಹಾಕುವುದಾದರೆ ಅಂಗಡಿಯದಕ್ಕೂ ಇದಕ್ಕೂ ಏನು ವ್ಯತ್ಯಾಸ? ವಾರ್ನಿಶ್ ಹಚ್ಚಿದ್ದು ಕೊಳೆಯುವುದಿಲ್ಲ.

ಎಲೆನರ:

ನಾನು ಇದನ್ನು ಒಪ್ಪುವುದಿಲ್ಲ ಮಣ್ಣುಕೈ ಅವರೇ. ಮಗು ಐದನೇ ವಯಸ್ಸಿನಲ್ಲಿ ಒರಟಾಗಿ ಕಟ್ಟಿದ ನಕ್ಷತ್ರವನ್ನು ಅದು ಇಪ್ಪತ್ತು ವರ್ಷದವಳಾದಾಗ ಮರದ ಮೇಲೆ ಮತ್ತೆ ನೋಡಬೇಕು. ಅಂಥದ್ದನ್ನು ಗುಂಡಿಗೆ ಹಾಕಲು ನನ್ನ ಕೈ ಬರುವುದಿಲ್ಲ. ಹಣ್ಣಿನ ಬಿಲ್ಲೆ ಹೋಗಲಿ, ಹುಲ್ಲು, ಕಾಯಿ, ಬಲೆ ಎಲೆ ಉಳಿಯಲಿ. ಇವು ತೇವ ತಾಗದಿದ್ದರೆ ಲೇಪವಿಲ್ಲದೆಯೇ ದಶಕಗಟ್ಟಲೆ ಬಾಳುತ್ತವೆ. ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಒಂದೊಂದಾಗಿ ಇಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ಮಾಡಿದವರ ಹೆಸರು, ವರ್ಷ ಬರೆದ ಚೀಟಿಯನ್ನು ದಾರಕ್ಕೇ ಕಟ್ಟಿ. ಎಲೆಗೆ ಲೇಪ ಬೇಕೇ ಬೇಕೆನಿಸಿದರೆ ಕರಗಿಸಿದ ಜೇನುಮೇಣದಲ್ಲಿ ಒಮ್ಮೆ ಅದ್ದಿ ತೆಗೆಯಿರಿ, ಅದು ಮಣ್ಣಿನಲ್ಲೂ ಕರಗುತ್ತದೆ. ಮೇಣವನ್ನು ನೇರ ಉರಿಯ ಮೇಲೆ ಇಡದೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಬೇಕು.

ನೀಲಿಹೂವು:

ಇಬ್ಬರ ಮಾತಿನಲ್ಲೂ ಸತ್ಯ ಇದೆ, ಆದರೆ ನನ್ನ ಮತ ಎಲೆನರ ಅವರಿಗೆ. ಕಟ್ಟುವ ಕ್ರಮ ಯಾರೂ ಹೇಳಲಿಲ್ಲ, ಅದನ್ನು ಸೇರಿಸುತ್ತೇನೆ.

ದೀಪದ ಸರ ಮೊದಲು. ಅದೂ ಎಲ್‌ಇಡಿ ಆಗಿರಲಿ. ಹಳೆಯ ಕಾದ ತಂತಿಯ ಬಲ್ಬುಗಳು ಬಿಸಿಯಾಗುತ್ತವೆ, ಮರದ ಮೇಲೆ ನಾವು ತೂಗುಹಾಕುತ್ತಿರುವುದೆಲ್ಲ ಒಣ ಸೌದೆ. ಮೇಣದ ಬತ್ತಿಯ ಮಾತೇ ಬೇಡ. ಮಲಗುವ ಮುನ್ನ, ಹೊರಗೆ ಹೋಗುವ ಮುನ್ನ ದೀಪ ಆರಿಸಿ. ಕಡಿದು ತಂದ ಮರವಾದರೆ ಅದರ ಬುಡದ ನೀರು ಒಂದು ದಿನವೂ ಬತ್ತಬಾರದು. ಸೂಜಿ ಎಲೆ ಉದುರತೊಡಗಿದ ಮರ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ದೀಪವಾದ ಮೇಲೆ ಭಾರದವು: ದೊಡ್ಡ ಕಾಯಿ, ಚಕ್ಕೆಯ ಕಟ್ಟು, ಅಚ್ಚಿನ ಬಿಲ್ಲೆ. ಇವು ಕಾಂಡಕ್ಕೆ ಹತ್ತಿರ, ಕೊಂಬೆಯ ಬುಡದಲ್ಲಿ ಇದ್ದರೆ ಕೊಂಬೆ ಬಾಗುವುದಿಲ್ಲ, ಮರಕ್ಕೆ ಒಳಗಿನಿಂದ ತುಂಬಿದ ನೋಟ ಬರುತ್ತದೆ. ಹುಲ್ಲಿನ ನಕ್ಷತ್ರ, ಬಲೆ ಎಲೆ, ಹರಳಿನ ಕಡ್ಡಿ ತುದಿಗಳಿಗೆ. ಕುಂಡದಲ್ಲಿ ಬೆಳೆದ ನಾರ್ಫೋಕ್ ದ್ವೀಪದ ಪೈನ್ ನಿಮ್ಮಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಅದರ ಕೊಂಬೆಗಳು ಮೆತ್ತಗೆ, ಭಾರ ತಾಳವು. ಅದಕ್ಕೆ ಹುಲ್ಲು ಮತ್ತು ಎಲೆಯ ಅಲಂಕಾರ ಮಾತ್ರ ಸಾಕು.

ಎಳೆಬಿಸಿಲು:

ನಮ್ಮಲ್ಲಿರುವುದು ಕುಂಡದ ನಾರ್ಫೋಕ್ ಪೈನ್! ಒಳ್ಳೆಯದಾಯಿತು ಕೇಳಿದ್ದು. ಹಾಗಾದರೆ ಮರಕ್ಕೆ ಹುಲ್ಲು, ಎಲೆ, ತೆಳುವಾದ ಕಿತ್ತಳೆ ಬಿಲ್ಲೆ. ಪೈನ್ ಕಾಯಿಗಳನ್ನೂ ಹರಳಿನ ಕಡ್ಡಿಗಳನ್ನೂ ಕಿಟಕಿಗೆ ಅಡ್ಡಲಾಗಿ ಕಟ್ಟಿದ ಒಂದು ಒಣ ಕೊಂಬೆಗೆ ತೂಗುಹಾಕುತ್ತೇವೆ, ನಾಯಿಗೂ ಎಟುಕುವುದಿಲ್ಲ. ಮಗಳು ಹುಲ್ಲಿನ ಚಿನ್ನಕ್ಕೆ ಒಪ್ಪಿದ್ದಾಳೆ. ಕೊನೆಯ ಪ್ರಶ್ನೆ: ಈ ಮರದ ತುದಿ ತೀರ ಎಳೆಯದು. ಅದರ ಮೇಲೆ ನಕ್ಷತ್ರ ನಿಲ್ಲಿಸುವುದು ಹೇಗೆ?

ಸೂಜಿದಾರ:

ತುದಿಯ ಮೇಲೆ ಭಾರ ಹಾಕಲೇಬೇಡಿ, ಆ ಮೊಗ್ಗು ಮುರಿದರೆ ಮರ ಮತ್ತೆ ನೇರವಾಗಿ ಬೆಳೆಯುವುದಿಲ್ಲ. ಮರಕ್ಕಿಂತ ಒಂದು ಗೇಣು ಎತ್ತರದ ಬಿದಿರು ಕಡ್ಡಿಯನ್ನು ಕಾಂಡಕ್ಕೆ ಒತ್ತಿ, ಬೇರಿಗೆ ಪೆಟ್ಟಾಗದಂತೆ ಕುಂಡದ ಮಣ್ಣಿನಲ್ಲಿ ಊರಿ. ಕಾಂಡಕ್ಕೂ ಕಡ್ಡಿಗೂ ಎರಡು ಮೂರು ಕಡೆ ಮೆತ್ತನೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ನಕ್ಷತ್ರ ಕೂರುವುದು ಈ ಕಡ್ಡಿಯ ಮೇಲೆ. ಸಮ ಉದ್ದದ ಐದು ತೆಳು ಕಡ್ಡಿಗಳನ್ನು ಐದು ಮೂಲೆಯ ನಕ್ಷತ್ರವಾಗಿ ಜೋಡಿಸಿ, ಒಂದನ್ನೊಂದು ದಾಟುವ ಪ್ರತಿ ಜಾಗದಲ್ಲೂ ಕೆಂಪು ದಾರ ಬಿಗಿಯಿರಿ. ಹಿಂಬದಿಗೆ ಒಂದು ಹುಲ್ಲಿನ ಕೊಳವೆ ಕಟ್ಟಿದರೆ ಬಿದಿರಿನ ತುದಿ ಅದರೊಳಗೆ ಸರಿಯಾಗಿ ಸೇರಿಕೊಳ್ಳುತ್ತದೆ. ಬಿದಿರಿಗೆ ಹಸಿರು ದಾರ ಸುತ್ತಿಬಿಟ್ಟರೆ ದೂರಕ್ಕೆ ಕಾಣುವುದೂ ಇಲ್ಲ.